ಅವ್ವನ ಗಂಟಲು ಕಟ್ಟಿದ್ದಾಗ

ಮೊನ್ನೆ ನನ್ನ ಗಂಟಲು ಕಟ್ಟಿತು. ನೆಗಡಿ ಮೂಗಿನಿಂದ ಇಳಿದು ಗಂಟಲಲ್ಲಿ ಕೂತುಬಿಟ್ಟಿತು. ಮಾತಾಡಲು ಹೋದರೆ ಎಣ್ಣೆ ಕಾಣದ ಬಾಗಿಲಿನ ಸದ್ದು ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಇವತ್ತು ಬೆಳಿಗ್ಗೆ ನಮ್ಮ ಯಜಮಾನರು ಹಾಲಿಗೆ ಅರಿಶಿನ, ಮೆಣಸಿನ ಪುಡಿ ಹಾಕಿ ಕಾಯಿಸಿ ತಾವೇ ತಂದು ಮುಂದಿಟ್ಟರು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರು ಒಲೆ ಹಚ್ಚಿದ್ದು ಅಪರೂಪ. ಮೆಣಸಿನ ಘಾಟು ಮೂಗಿಗೆ ಬಡಿದಾಗ ನನ್ನ ಮನಸ್ಸಿನಲ್ಲಿ ಮೊದಲು ಎದ್ದದ್ದು ಸಂತೋಷವಲ್ಲ, ಅನುಮಾನ. ಇವರಿಗೆ ಇವತ್ತೇ ಯಾಕೆ ಇಷ್ಟು ಪ್ರೀತಿ?

ನನ್ನನ್ನು ಕೆಟ್ಟವಳು ಅಂದುಕೊಳ್ಳಬೇಡಿ. ಅನುಮಾನ ನನಗೆ ತವರಿನ ಬಳುವಳಿ. ಅದರಲ್ಲೂ ಗಂಟಲಿನ ಮನೆಮದ್ದು ಅಂದರೆ ನನಗೆ ಒಂದಿಷ್ಟೂ ನಂಬಿಕೆಯಿಲ್ಲ. ನೀವೇ ಗಮನಿಸಿ ನೋಡಿ, ಗಂಟಲು ಕಟ್ಟಿದವರಿಗೆ ಜನ ಹೇಳುವುದು ತಮಗೆ ಇಷ್ಟವಾದ ಪದಾರ್ಥವನ್ನೇ. ಕಾಫಿ ಕಂಡರೆ ಬಿಡದವರು ಶುಂಠಿ ಕಾಫಿ ಅನ್ನುತ್ತಾರೆ. ಸಿಹಿ ಕಂಡರೆ ಬಾಯಿ ಬಿಡುವವರು ಕಲ್ಲುಸಕ್ಕರೆ ಚಪ್ಪರಿಸಲು ಹೇಳುತ್ತಾರೆ. ನಮ್ಮ ಮತ್ತಿಕೆರೆಯ ಈ ಮನೆಯ ಮಹಡಿಯಲ್ಲಿರುವ ದೊಡ್ಡಮನುಷ್ಯರಂತೂ ಬಿಸಿನೀರಿಗೆ ಒಂದೇ ಒಂದು ಚಮಚ ಬ್ರಾಂದಿ ಎಂದು ಹೇಳಿ, ಸೀಸೆ ತಮ್ಮಲ್ಲೇ ಇದೆ ಎಂದೂ ಸೇರಿಸಿದರು.

ಹಾಲಿನ ಲೋಟ ಕೈಯಲ್ಲಿ ಹಿಡಿದು ಕೂತಾಗ ನೆನಪಾದದ್ದು ಅವ್ವ. ನಮ್ಮದು ಹೆಬ್ಬಾಳದ ಕೆರೆಯ ಈಚೆಗೆ ಒಂದು ಸಣ್ಣ ದ್ರಾಕ್ಷಿ ತೋಟ, ತೋಟದ ಮೂಲೆಯಲ್ಲಿ ಹೆಂಚಿನ ಮನೆ. ಅರವತ್ತರ ದಶಕದ ಆರಂಭ ಅದು, ಆಗ ಆ ಕಡೆಯೆಲ್ಲ ದ್ರಾಕ್ಷಿ ಚಪ್ಪರಗಳೇ. ಕಾಯಿ ಕಪ್ಪಾಗುವ ಹೊತ್ತಿಗೆ ಗಿಳಿಗಳು ಹಿಂಡುಹಿಂಡಾಗಿ ಬರುತ್ತಿದ್ದವು. ಬೇರೆ ತೋಟದವರು ತಗಡಿನ ಡಬ್ಬ ಬಡಿಯುತ್ತಿದ್ದರು, ಕವಣೆ ಬೀಸುತ್ತಿದ್ದರು. ನಮಗೆ ಅದಾವುದೂ ಬೇಕಿರಲಿಲ್ಲ. ಅವ್ವ ಚಪ್ಪರದ ಕೆಳಗೆ ನಿಂತು ಒಮ್ಮೆ 'ಹೋ' ಎಂದರೆ ಗಿಳಿಗಳು ಕೆರೆ ದಾಟಿ ಹೋಗುತ್ತಿದ್ದವು. ಅದೇ ಗಂಟಲಿನಿಂದ ಅವಳು ಅಪ್ಪನನ್ನೂ ಬೈಯುತ್ತಿದ್ದಳು. ಅಪ್ಪ ಮಾತ್ರ ಎಲ್ಲಿಗೂ ಹಾರಿಹೋಗುತ್ತಿರಲಿಲ್ಲ. ಅವಳು ಒಂದು ಅಂದರೆ ಇವನು ಎರಡು ಅಂದು, ಕೊನೆಗೆ ತಾನು ಅಂದುಕೊಂಡದ್ದನ್ನೇ ಮಾಡುತ್ತಿದ್ದ. ನಮ್ಮ ಮನೆಯ ಜಗಳಗಳೆಲ್ಲ ಹಾಗೆಯೇ ಮುಗಿಯುತ್ತಿದ್ದವು.

ಅಪ್ಪನಂಥ ಅನುಮಾನದ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಹಾಲಿಗೆ ನೀರು ಬೆರೆತಿದೆ ಎಂದು ಅನುಮಾನ. ಹಾಲು ಗಟ್ಟಿಯಾಗಿದ್ದರೆ ಇವತ್ತು ಯಾಕೆ ಗಟ್ಟಿಯಾಗಿದೆ ಎಂದು ಅನುಮಾನ. ಆದರೆ ಅವನಿಗೆ ಎಲ್ಲಕ್ಕಿಂತ ಹೆಚ್ಚು ಭಯವಿದ್ದದ್ದು ಅವ್ವನ ಮೌನದ ಬಗ್ಗೆ. ಹಿಂದೆ ಒಮ್ಮೆ ಅವಳನ್ನು ಕೇಳದೆ ಹಾಲು ಕರೆಯುವ ಹಸುವನ್ನು ಮಾರಿಬಂದಾಗ ಅವಳು ಬೈಯಲೇ ಇಲ್ಲ, ಮಾತು ಬಿಟ್ಟಳು. ಆ ದಿನಗಳಲ್ಲಿ ಅಪ್ಪ ಅರ್ಧ ಇಳಿದುಹೋಗಿದ್ದನಂತೆ.

ನಾನು ಆ ವರ್ಷ ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದೆ. ನಮ್ಮ ಮನೆತನದಲ್ಲಿ ಅಷ್ಟು ಓದಿದ ಹೆಣ್ಣು ನಾನೇ ಮೊದಲು. ಮಲ್ಲೇಶ್ವರದ ಕಾಲೇಜಿಗೆ ಸೇರಿಸಬೇಕು ಎಂದು ಅವ್ವ ಹಟ ಹಿಡಿದು, ಅಪ್ಪನ ಬಾಯಿಂದ ಹೂಂ ಅನ್ನಿಸಿದ್ದಳು. ಬಸ್ಸಿನಲ್ಲಿ ಹೇಗೆ ಹೋಗಬೇಕು, ಯಾವ ಲಂಗಕ್ಕೆ ಯಾವ ದಾವಣಿ ಎಂದು ನಾನು ಕನಸು ಕಾಣುತ್ತಿದ್ದೆ. ಅಷ್ಟರಲ್ಲಿ ಜಿಟಿಜಿಟಿ ಮಳೆ ಹಿಡಿಯಿತು, ಅವ್ವ ನೆನೆದು ನೆಗಡಿ ಬರಿಸಿಕೊಂಡಳು, ಒಂದು ಬೆಳಿಗ್ಗೆ ಎದ್ದರೆ ಅವಳ ಗಂಟಲಲ್ಲಿ ಸ್ವರವೇ ಇಲ್ಲ.

ಅದರ ಹಿಂದಿನ ದಿನವಷ್ಟೇ ಅಪ್ಪ ಎಲ್ಲಿಗೋ ಹೋಗಿ ಬಂದಿದ್ದ. ಎಲ್ಲಿಗೆ ಎಂದು ಹೇಳಿರಲಿಲ್ಲ.

ಅಪ್ಪ ಮೊದಲು ಮೆಣಸು, ಬೆಲ್ಲದ ಕಷಾಯ ಕಾಯಿಸಿದ. ಕುಡಿಸಿ, ಎದುರಿಗೇ ಕೂತು ಅವಳ ಮುಖ ನೋಡಿದ. ಮಾತು ಬರಲಿಲ್ಲ. ಓಮಿನ ಕಾಳು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಕುತ್ತಿಗೆಗೆ ಶಾಖ ಕೊಟ್ಟ. ಸುಣ್ಣಕ್ಕೆ ಜೇನುತುಪ್ಪ ಕಲಸಿ ಗಂಟಲಿನ ಮೇಲೆ ಪಟ್ಟು ಹಾಕಿದ. ಅದು ಬಿಸಿಯಾಗಿ ಉರಿಯುವ ಮದ್ದು. ಸುಳ್ಳು ಮೂಗಿಯಾಗಿದ್ದರೆ ಕಿರುಚಿಯೇ ಕಿರುಚುತ್ತಾಳೆ ಎಂದು ಅವನ ಲೆಕ್ಕ ಇದ್ದಿರಬೇಕು. ಅವ್ವ ಕಣ್ಣಲ್ಲಿ ನೀರು ತಂದುಕೊಂಡಳೇ ಹೊರತು ಸದ್ದು ಮಾಡಲಿಲ್ಲ. ಅಪ್ಪ ನನ್ನನ್ನು ಹಿತ್ತಲಿಗೆ ಕರೆದ.

"ಅಮ್ಮೀ, ನಿಮ್ಮವ್ವಂಗೆ ದಿಟವಾಗ್ಲೂ ಗಂಟ್ಲು ಕಟ್ಟೈತಾ?"

"ಇನ್ನೇನಪ್ಪ? ನೆಗಡಿ ಆಗಿಲ್ವಾ?"

"ನೆಗಡಿ ಏನೋ ಆಗೈತೆ. ಮಾತು ನೆಗಡಿಯಿಂದ್ಲೇ ಓಯ್ತಾ ಅಂತ ಕೇಳ್ದೆ."

ಪಕ್ಕದ ತೋಟದ ಖೈರುಂಬಿ ಅವ್ವನಿಗೆ ಒಳ್ಳೆಯ ಗೆಳತಿ. ಮಾರನೆಯ ದಿನ ಅಪ್ಪ ಹೊರಗೆ ಹೋಗಿದ್ದಾಗ ಅವಳು ಬೇಲಿಯ ಆಚೆಯಿಂದ, "ಅಕ್ಕಾ, ಇದೆಲ್ಲ ಬೇಡ. ಎಲೆ ಐತಲ್ಲ, ವೀಳ್ಯದೆಲೆ, ಅದನ್ನ ಬಿಸಿ ಮಾಡಿ ಹಿಂಡಿ, ಜೇನು ಹಾಕ್ಕೊಂಡು ಕುಡೀರಿ. ನಮ್ಮ ಅಮ್ಮೀಜಾನ್ ಹಂಗೇ ಕೊಡೋರು," ಎಂದಳು. ಮನೆಯಲ್ಲಿ ಎಲೆ ಇರಲಿಲ್ಲ.

ಸಂಜೆ ಅಪ್ಪ ಜಗುಲಿ ಹತ್ತಿದ್ದೇ ತಡ, ಅವ್ವ ಅವನ ಎದುರು ನಿಂತಳು. ಎಡಗೈಯನ್ನು ಎಲೆಯ ಹಾಗೆ ಹರಡಿ, ಬಲಗೈ ಬೆರಳಿನಿಂದ ಅದಕ್ಕೆ ಸುಣ್ಣ ಸವರುವ ಹಾಗೆ ಮಾಡಿ, ಮಡಚಿ, ಅಪ್ಪನ ಕಡೆಗೆ ಬೆರಳು ತೋರಿಸಿದಳು. ಎಲೆ ತಂದುಕೊಡು ಎನ್ನುವುದಕ್ಕೆ ಇದಕ್ಕಿಂತ ಚೆನ್ನಾಗಿ ಸನ್ನೆ ಮಾಡಲು ಯಾರಿಗೂ ಆಗುವುದಿಲ್ಲ.

ಅಪ್ಪನ ಮುಖ ಬಿಳುಚಿಕೊಂಡಿತು. ಜಗುಲಿಯ ಕಂಬ ಹಿಡಿದು ಕೂತ.

"ಯಾರೇಳಿದ್ರು ನಿಂಗೆ?" ಎಂದ.

ಅವ್ವ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ.

"ಎಲೆ ಅಡ್ಕೆ ಇಸ್ಕೊಂಡಿದ್ದು ದಿಟ ಕಣೆ. ಇಲ್ಲ ಅನ್ನಾಕಿಲ್ಲ. ರಾಜಾನುಕುಂಟೆಯೋರು ಒಳ್ಳೆ ಜನ. ಬಾವಿ ಐತೆ, ಒಲ ಐತೆ, ಉಡುಗ ಬೀಡಿ ಕೂಡ ಸೇದಾಕಿಲ್ಲ. ಶ್ರಾವಣದಾಗೆ ಮಾಡ್ಬುಡಾನ ಅಂದ್ರು. ಕಾಲೇಜು ಓದಿ ಅಮ್ಮಿ ಏನ್ ಮಾಡ್ಬೇಕು, ಏಳು?"

ನಮ್ಮ ಕಡೆ ಹುಡುಗನ ಮನೆಯಲ್ಲಿ ಎಲೆ ಅಡಿಕೆ ತೆಗೆದುಕೊಂಡರೆ ಸಂಬಂಧ ಗಟ್ಟಿಯಾದ ಹಾಗೆಯೇ. ನನ್ನ ಮದುವೆಯನ್ನು ಅಪ್ಪ ನಮ್ಮಿಬ್ಬರಿಗೂ ತಿಳಿಯದ ಹಾಗೆ ಗಟ್ಟಿ ಮಾಡಿಕೊಂಡು ಬಂದಿದ್ದ. ಅವ್ವ ಬಾಯಿ ತೆರೆದಳು. ಬರಿಯ ಉಸಿರು ಬಂತು. ಎರಡು ಮೂರು ಸಲ ಪ್ರಯತ್ನಪಟ್ಟಳು, ಆಮೇಲೆ ಬಾಯಿ ಮುಚ್ಚಿ, ಅಪ್ಪನನ್ನು ದಿಟ್ಟಿಸಿ ನೋಡಿ ಒಳಗೆ ಹೋದಳು.

ಅಂದು ಅವಳಿಗೆ ಗಂಟಲು ಇದ್ದಿದ್ದರೆ ಏನಾಗುತ್ತಿತ್ತು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಅವಳು ಕೂಗಾಡುತ್ತಿದ್ದಳು, ಇವನು ಅದಕ್ಕೆ ಎರಡರಷ್ಟು ಕೂಗಾಡುತ್ತಿದ್ದ, ಕೂಗಿ ಕೂಗಿ ತಾನೇ ಸರಿ ಎಂದು ತೀರ್ಮಾನಿಸಿ ನನ್ನನ್ನು ಶ್ರಾವಣದಲ್ಲಿ ಸಾಗಹಾಕುತ್ತಿದ್ದ. ಈಗ ಅವನಿಗೆ ಎದುರು ಮಾತೇ ಸಿಗಲಿಲ್ಲ. ತಾನೇ ಪ್ರಶ್ನೆ ಕೇಳಿ, ತಾನೇ ಉತ್ತರ ಕೊಟ್ಟು, ಆ ಉತ್ತರದ ಮೇಲೆ ತಾನೇ ಅನುಮಾನಪಡುತ್ತ ಅಂಗಳದಲ್ಲಿ ಓಡಾಡತೊಡಗಿದ. ಒಂದು ಕಟ್ಟು ಎಲೆ ತಂದು ಅವಳ ಹತ್ತಿರ ಇಟ್ಟ. ಅವ್ವ ಅದನ್ನು ಮುಟ್ಟಲಿಲ್ಲ. ನಾನು ಅಡುಗೆಮನೆಯ ಮೂಲೆಯಲ್ಲಿ ಕೂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ಒಂದೆರಡು ದಿನ ಕಳೆದಿರಬೇಕು. ಅಪ್ಪ ಪೇಟೆಗೆ ಹೋಗಿದ್ದ. ನಾನು ಬಾವಿಯಿಂದ ನೀರು ತರುತ್ತಿದ್ದೆ. ಗಿಳಿಗಳ ಹಿಂಡು ಚಪ್ಪರಕ್ಕೆ ಇಳಿಯುವುದು ಕಾಣಿಸಿತು. ಮರುಕ್ಷಣವೇ 'ಹೋ' ಎಂಬ ಕೂಗು, ಇಡೀ ಹಿಂಡು ಕೆರೆಯ ಕಡೆಗೆ ಹಾರಿತು. ನಾನು ಬಿಂದಿಗೆ ಇಳಿಸಿ ಓಡಿದೆ. ಚಪ್ಪರದ ಕೆಳಗೆ ಅವ್ವ ಒಬ್ಬಳೇ ನಿಂತಿದ್ದಳು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟಳು. ನನಗೆ ಭಯವೂ ಆಯಿತು, ಅವಳನ್ನು ತಬ್ಬಿಕೊಳ್ಳಬೇಕು ಎಂದೂ ಅನ್ನಿಸಿತು. ಸಂಜೆ ಅಪ್ಪ ಹುರುಳಿಯ ಬಿಸಿ ಸಾರು ಮಾಡಿ ಕೊಟ್ಟಾಗ ಅವಳು ಗಂಟಲು ಮುಟ್ಟಿಕೊಂಡು, ಇಲ್ಲ ಎಂದು ಕೈಯಾಡಿಸಿದಳು.

ಮಾರನೆಯ ಬೆಳಿಗ್ಗೆ ಅಪ್ಪ ಮೊದಲ ಬಸ್ಸು ಹತ್ತಿ ಯಲಹಂಕದ ಮೇಲೆ ರಾಜಾನುಕುಂಟೆಗೆ ಹೋದ. ಸಂಜೆ ಸಣ್ಣ ಮುಖ ಮಾಡಿಕೊಂಡು ಬಂದು ಜಗುಲಿಯಲ್ಲಿ ಕೂತು, ಗೋಡೆಗೆ ಹೇಳುವ ಹಾಗೆ, "ಆಗಾಕಿಲ್ಲ ಅಂದ್‌ಬುಟ್ಟು ಬಂದೆ. ಚೆನ್ನಾಗಿ ಉಗಿಸ್ಕೊಂಡೆ," ಎಂದ.

ಒಳಗಿನಿಂದ, ಗಿಳಿ ಓಡಿಸುವ ಅದೇ ಗಂಟಲಿನಲ್ಲಿ, ಅವ್ವ ಅಂದಳು: "ಕೈ ಕಾಲ್ ತೊಳ್ಕೊಂಡು ಬನ್ನಿ. ಮುದ್ದೆ ಆರೋಯ್ತದೆ."

ನಾನು ಕಾಲೇಜಿಗೆ ಹೋದೆ, ಮೇಷ್ಟ್ರಾದೆ, ನನ್ನಿಷ್ಟದ ಗಂಡನನ್ನೇ ಮದುವೆಯಾದೆ. ಆದರೆ ಒಂದು ಅನುಮಾನ ಮಾತ್ರ ಹೋಗಲಿಲ್ಲ. ಅವ್ವನಿಗೆ ಮೊದಲೇ ಎಲ್ಲ ಗೊತ್ತಿತ್ತೇ? ಬೇಕೆಂದೇ ಎಲೆಯ ಸನ್ನೆ ಮಾಡಿದಳೇ? ಕೇಳಿದಾಗಲೆಲ್ಲ ಅವಳು, "ಗಂಟ್ಲಿಗೆ ಎಲೆ ಬೇಕಿತ್ತು ಕಣಮ್ಮಿ, ಅಷ್ಟೇಯ," ಎಂದು ನಗುತ್ತಿದ್ದಳು. ನಾನು ನಂಬಲಿಲ್ಲ. ಅವಳು ಹೋದ ಮೇಲೂ ನಂಬಲಿಲ್ಲ.

ಇಷ್ಟು ನೆನಪಿಸಿಕೊಳ್ಳುವಷ್ಟರಲ್ಲಿ ಹಾಲು ಉಗುರುಬೆಚ್ಚಗಾಗಿತ್ತು. ಬಾಯಿಗಿಟ್ಟರೆ ಮೆಣಸು ಜಾಸ್ತಿ. ಒಂದಿಷ್ಟು ಜೇನು ಬೇಕೆನಿಸಿತು. ಜೇನಿನ ಸೀಸೆ ಗೋಡೆ ಬೀರುವಿನ ಮೇಲಿನ ಖಾನೆಯಲ್ಲಿತ್ತು. ನಾನು ಬೀರುವಿನ ಕಡೆ ಬೆರಳು ತೋರಿಸಿ, ಯಜಮಾನರ ಮುಖ ನೋಡಿದೆ.

ಅವರು ಬೀರು ನೋಡಿದರು, ನನ್ನನ್ನು ನೋಡಿದರು. ನಿಧಾನವಾಗಿ ಕುರ್ಚಿ ಎಳೆದುಕೊಂಡು ಕೂತರು.

"ಯಾರು ಹೇಳಿದ್ರು ನಿಂಗೆ?" ಎಂದರು.

ಸತ್ಯವಾಗಿ ಹೇಳುತ್ತೇನೆ, ಆ ಬೀರುವಿನ ವಿಷಯ ನನಗೆ ಏನೂ ಗೊತ್ತಿಲ್ಲ. ಪಾಪ, ಅವ್ವನಿಗೂ ಏನೂ ಗೊತ್ತಿರಲಿಲ್ಲ. ಇಷ್ಟು ವರ್ಷ ಅವಳನ್ನು ಸುಮ್ಮನೆ ಅನುಮಾನಿಸಿದೆ. ಬೆಳಿಗ್ಗೆ ಬಚ್ಚಲಲ್ಲಿ ಯಾರಿಗೂ ಕೇಳದ ಹಾಗೆ ಮಾತಾಡಿ ನೋಡಿದ್ದೆ, ಗಂಟಲು ಬಿಟ್ಟಿತ್ತು. ಇನ್ನೊಂದು ಗಳಿಗೆ ಆಗಿದ್ದರೆ ಜೇನು ಕೊಡಿ ಎಂದು ಬಾಯಿಬಿಟ್ಟೇ ಕೇಳುತ್ತಿದ್ದೆ.

ಲೋಟ ಕೆಳಗಿಟ್ಟು, ಗಂಟಲು ಮುಟ್ಟಿಕೊಂಡು, ಇಲ್ಲ ಎಂದು ಕೈಯಾಡಿಸಿದೆ.