ತವರಿನ ಸೀರೆಗೆ ಹೊಲಿದ ಫಾಲು

ಅಡುಗೆ ಎಣ್ಣೆಯ ಬೆಲೆ ಏರಿದ ದಿನ ನಾನು ಒಗ್ಗರಣೆಯ ಸೌಟನ್ನು ಅಟ್ಟಕ್ಕೆ ಕಳಿಸಿ ಚಹಾದ ಚಮಚೆಗೆ ಬಡ್ತಿ ಕೊಟ್ಟೆ. ಗ್ಯಾಸು ತುಟ್ಟಿಯಾದಾಗ ಬೇಳೆಯನ್ನು ಬೆಳಿಗ್ಗೆಯೇ ನೆನೆಹಾಕುವುದನ್ನು ಕಲಿತೆ. ಆಮೇಲೆ ಬೇಳೆಯೂ ತುಟ್ಟಿಯಾಗಿ, ನೆನೆಹಾಕಲು ಬೇಳೆಯೇ ಸಾಲದೆ ಕಲಿತ ವಿದ್ಯೆ ಹಾಗೇ ಉಳಿಯಿತು. ನನ್ನ ಗಂಡ ಗೋಕಾಕ ಪೇಟೆಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಅವರ ಪಗಾರ ಬೀಗರ ಹಾಗೆ ಬಂದು, ಒಂದು ಕಪ್ ಚಹಾ ಕುಡಿದು, ಹೋಗಿಬರುತ್ತೇನೆ ಎಂದು ಎದ್ದುಬಿಡುತ್ತದೆ. ಒಂದು ದಿನ ಊಟಕ್ಕೆ ಕುಳಿತವರು, "ಅಲ್ಲಾ, ಸಾರಿನಾಗ ತಾಟಿನ ತಳಾ ಕಾಣಾಕತ್ತೇತಲ್ಲ?" ಎಂದರು. "ತಾಟು ಎಷ್ಟು ಚೊಲೊ ತಿಕ್ಕೇನಿ ಅಂತ ನಿಮಗ ಗೊತ್ತಾಗ್ಲಿ ಅಂತ ಹಂಗ ಮಾಡೇನ್ರಿ" ಎಂದೆ. ಅವರು ನಕ್ಕು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ನಾನೂ ಕೈಕಟ್ಟಿ ಕುಳಿತವಳಲ್ಲ. ಮನೆಯಲ್ಲೇ ಸೀರೆಗಳಿಗೆ ಫಾಲು ಹಚ್ಚಿ, ಸೆರಗಿನ ಅಂಚಿಗೆ ಪಿಕೋ ಹೊಲಿಗೆ ಹಾಕಿಕೊಡುತ್ತೇನೆ. ಸೀರೆಯ ಕೆಳಗಿನ ಅಂಚು ಸವೆಯದಿರಲೆಂದು ಒಳಗಡೆ ಹಚ್ಚುವ ಆ ಉದ್ದನೆಯ ಪಟ್ಟಿ ನಮ್ಮ ಮನೆಯ ಉಪ್ಪು-ಹುಣಸೆಯ ಖರ್ಚು ನೋಡಿಕೊಳ್ಳುತ್ತದೆ. ಗೋಕಾಕದ ಅರ್ಧ ಹೆಂಗಸರ ಸೀರೆ ನನ್ನ ಕೈ ದಾಟಿ ಹೋಗಿದೆ ಎಂದು ಜಂಬ ಕೊಚ್ಚುತ್ತೇನೆ. ಕಾಲುಭಾಗವಂತೂ ಖರೆ. ನನ್ನ ಹೊಲಿಗೆಯನ್ನು ಕತ್ತಲಲ್ಲಿ ಮುಟ್ಟಿಯೂ ಗುರುತು ಹಿಡಿಯುತ್ತೇನೆ.

ನಮ್ಮ ಓಣಿಯ ಹೆಂಗಸರದೊಂದು ಭಿಶಿ ಇದೆ. ತಿಂಗಳಿಗೊಮ್ಮೆ ಎಲ್ಲರೂ ಒಂದಿಷ್ಟು ಹಾಕಿ ಚೀಟಿ ಎತ್ತುತ್ತೇವೆ. ಯಾರ ಹೆಸರು ಬಂತೋ ಆ ತಿಂಗಳ ಗಂಟು ಅವರದು. ಆ ಮಳೆಗಾಲದಲ್ಲಿ ನನ್ನ ಹೆಸರು ಬಂತು. ಮನೆಯ ಮಿಕ್ಸರ್ ತೀರಿಕೊಂಡು ಬಹಳ ದಿನವಾಗಿತ್ತು, ಚಟ್ನಿಯನ್ನು ಕಲ್ಲಿನಲ್ಲಿ ಅರೆದು ನನ್ನ ರಟ್ಟೆ ಪೈಲ್ವಾನರ ರಟ್ಟೆಯಾಗಿತ್ತು. ಹೊಸ ಮಿಕ್ಸರಿನ ಬಣ್ಣ ಯಾವುದೆಂದು ನಾನು ಯೋಚಿಸುತ್ತಿದ್ದಾಗಲೇ ಹುಕ್ಕೇರಿಯಿಂದ ತಂಗಿಯ ಮಗಳ ಫೋನು ಬಂತು. ಹುಡುಗಿ ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಓದುತ್ತಾಳೆ.

"ದೊಡ್ಡವ್ವಾ, ನಾ ಫೋನ್ ಮಾಡಿದ್ದು ಅವ್ವಗ ಹೇಳಬ್ಯಾಡ. ಫೀ ಅರ್ಧಾ ಕೂಡೇತಿ, ಇನ್ನರ್ಧಾ ಕೂಡವಲ್ದು. ಬರೂ ಸೋಮವಾರದ ಆಚಿಗಿನ ಸೋಮವಾರ ಕಡೀ ದಿನ. ಆಗ್ಲಿಲ್ಲಂದ್ರ ಈ ವರ್ಷ ಬಿಡು, ಮುಂದಿನ ವರ್ಷ ನೋಡೂನು ಅಂತಾಳ ಅವ್ವ."

ಮಿಕ್ಸರಿನ ಬಣ್ಣ ಅಲ್ಲಿಗೇ ಮಾಸಿತು. ಕೂಡದ ಅರ್ಧ ಎಷ್ಟೆಂದು ಕೇಳಿದೆ. ನನ್ನ ಗಂಟಿಗೂ ಅದಕ್ಕೂ ಹೇಳಿ ಮಾಡಿಸಿದ ಜೋಡಿ. ಆದರೆ ಕೊಡುವುದು ಹೇಗೆ?

ಅಪ್ಪ, ಅವ್ವ ಹೋದ ಮೇಲೆ ತಂಗಿಗೆ ನಾನೇ ತವರು. ಅವಳ ಗಂಡನದು ಹುಕ್ಕೇರಿಯಲ್ಲಿ ಹಿಟ್ಟಿನ ಗಿರಣಿ. ಕರೆಂಟಿನ ಬಿಲ್ಲು ಏರಿದ ಹಾಗೆ ಬೀಸುವ ದರ ಏರಿಸಲು ಆಗುವುದಿಲ್ಲ, ಏರಿಸಿದರೆ ಜೋಳ ಬಾಜೂ ಗಿರಣಿಗೆ ಹೋಗುತ್ತದೆ. ಇಷ್ಟಾದರೂ ತಂಗಿ ನನ್ನಿಂದ ಒಂದು ರೂಪಾಯಿ ಮುಟ್ಟಿದವಳಲ್ಲ. "ತವರಿಂದ ಸೀರಿ ಬಂದ್ರ ಮಾನ, ರೊಕ್ಕ ಬಂದ್ರ ಮಾತು" ಎನ್ನುತ್ತಾಳೆ. ಒಮ್ಮೆ ಕರದಂಟಿನ ಡಬ್ಬಿಯ ತಳದಲ್ಲಿ ನೋಟು ಇಟ್ಟು ಕಳಿಸಿದ್ದೆ. ಮುಂದಿನ ವಾರ ಅದೇ ಡಬ್ಬಿಯಲ್ಲಿ ಶೇಂಗಾ ಚಟ್ನಿ ಬಂತು; ಚಟ್ನಿಯ ತಳದಲ್ಲಿ ನನ್ನ ನೋಟು ಖಾರ ಮೆತ್ತಿಕೊಂಡು ಕೆಂಪಗೆ ಕುಳಿತಿತ್ತು. ಅದನ್ನು ಕಿರಾಣಿ ಅಂಗಡಿಯಲ್ಲಿ ಕೊಟ್ಟಾಗ ಅಂಗಡಿಯವರು ಮೂರು ಸಲ ಸೀನಿ, ನನ್ನ ಮುಖ ನೋಡಿ, ಮತ್ತೆ ಸೀನಿದರು.

ರೊಕ್ಕ ಒಲ್ಲದವಳು ಸೀರೆ ಒಲ್ಲೆ ಎನ್ನುವುದಿಲ್ಲ. ಇದು ಹೊಳೆದದ್ದೇ ತಡ, ನನಗೆ ಕಾಲು ನೆಲಕ್ಕೆ ತಾಗಲಿಲ್ಲ. ಟ್ರಂಕಿನಲ್ಲಿ ನಾನು ಇನ್ನೂ ಉಡದ ಒಂದು ಗಿಣಿಹಸಿರು ಸೀರೆ ಇತ್ತು. ಅದಕ್ಕೆ ಫಾಲು ಹಚ್ಚುವಾಗ ಐನೂರರ ನೋಟುಗಳನ್ನು ಎರಡೆರಡಾಗಿ ಜೋಡಿಸಿ ಪಟ್ಟಿಯ ಒಳಗೆ ಮಲಗಿಸಿದೆ. ಜಾರಿ ಒಂದೇ ಕಡೆ ಗುಂಪುಗೂಡಬಾರದೆಂದು ನಡುನಡುವೆ ಅಡ್ಡ ಹೊಲಿಗೆ ಹಾಕಿ ಒಂದೊಂದು ಜೋಡಿಗೂ ಒಂದೊಂದು ಖೋಲಿ ಮಾಡಿದೆ. ಕೆಲವು ನೋಟುಗಳ ಅಂಚಿಗೆ ಸೂಜಿ ತಾಗಿ ಸಾಲಾಗಿ ತೂತು ಬಿದ್ದವು. ಗಂಡ ಬಾಗಿಲಲ್ಲಿ ನಿಂತು ಎಲ್ಲ ನೋಡಿದರು.

"ಸೀರಿಗಿ ಪಗಾರ ಚಾಲೂ ಮಾಡೀಯೇನ?"

"ಮಿಕ್ಸರ್ ಹೋತು ಅಂತ ಬ್ಯಾಸರಾ ಮಾಡ್ಕೋಬ್ಯಾಡ್ರಿ."

"ನನಗ್ಯಾಕ ಬ್ಯಾಸರಾ? ಅರಿಯಾಕಿ ನೀ, ತಿನ್ನಾಂವ ನಾ."

ಇಂಥ ಮನುಷ್ಯನನ್ನು ಕಟ್ಟಿಕೊಂಡದ್ದಕ್ಕೆ ನನಗೆ ಆಗಾಗ ಖುಷಿಯಾಗುತ್ತದೆ, ಹೇಳುವುದಿಲ್ಲ ಅಷ್ಟೇ.

ನನ್ನ ಯೋಜನೆ ಹೀಗಿತ್ತು. ತಂಗಿಯ ನಾದಿನಿ, ಅಂದರೆ ಅವಳ ಗಂಡನ ತಂಗಿ, ಮೂಡಲಗಿಯಲ್ಲಿ ಮನೆ ಕಟ್ಟಿಸಿದ್ದಳು. ಫೀ ಕಟ್ಟುವ ಸೋಮವಾರದ ಹಿಂದಿನ ದಿನವೇ ಅದರ ವಾಸ್ತುಶಾಂತಿ. ಅಲ್ಲಿಗೆ ಉಡಲೆಂಬ ನೆಪದಲ್ಲಿ ಈ ಸೀರೆ ತಂಗಿಗೆ ಕೊಡಬೇಕು. ಶನಿವಾರ ಸಂಜೆ ನಾನು ಫೋನು ಮಾಡಿ "ಫಾಲು ಬಿಚ್ಚಿ ನೋಡು" ಎನ್ನಬೇಕು. ತಿರುಗಿ ಕಳಿಸಲು ಅವಳಿಗೆ ಪುರುಸೊತ್ತೇ ಇರಬಾರದು! ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಹುಕ್ಕೇರಿ ನನಗೆ ಹಿತ್ತಲಿನಷ್ಟು ಹತ್ತಿರ. ಆಧಾರ್ ಕಾರ್ಡು ತೋರಿಸಿ ಹೋದೆ, ಕುಂಕುಮ ಹಚ್ಚಿ ಸೀರೆ ಕೊಟ್ಟೆ. ತಂಗಿ ಅದನ್ನು ಕಣ್ಣಿಗೆ ಒತ್ತಿಕೊಂಡು ಕಪಾಟಿನಲ್ಲಿಟ್ಟಳು. ಬರುವಾಗ ಬಸ್ಸು ಧುಪದಾಳದ ಹತ್ತಿರ ಬಂದಾಗ ಹೊಳೆ ತುಂಬಿ ಒಡ್ಡಿನ ಮೇಲಿಂದ ಧುಮುಕುತ್ತಿತ್ತು, ನನಗೂ ಹಾಗೇ ಆಗುತ್ತಿತ್ತು.

ಶನಿವಾರ ಸಂಜೆ ಫೋನು ಮಾಡಿದೆ.

"ನಾಳೆ ಆ ಹಸರ ಸೀರಿ ಉಡ್ತಿ ಹೌದಿಲ್ಲೊ?"

ತಂಗಿ ದನಿ ತಗ್ಗಿಸಿದಳು. "ಸಿಟ್ಟ ಆಗಬ್ಯಾಡ ಅಕ್ಕಾ. ಹ್ವಾದ ವಾರ ನಾದಿನಿ ಕರಿಯಾಕ ಬಂದಿದ್ಲು. ತವರಿಗಿ ಬಂದ ಮಗಳನ್ನ ಬರೇ ಉಡಿ ತುಂಬಿ ಹೆಂಗ ಕಳಿಸ್ಲಿ? ಹೊಸಾ ಸೀರಿ ತರೂವಂಗ ಇರ್ಲಿಲ್ಲ. ನೀ ಕೊಟ್ಟದ್ದ ಕೊಟ್ಟೆ. ಫಾಲು ಬ್ಯಾರೆ ಹಚ್ಚಿತ್ತು, ಅಕಿಗೂ ಖರ್ಚ ಉಳೀತು."

ವಿಷಯ ಹೇಳಿದಾಗ ತಂಗಿ ಮೊದಲು ಬೈದಳು, ಆಮೇಲೆ ಅತ್ತಳು. ಕೊನೆಗೆ "ಅಯ್ಯ ನನ್ನ ಹುಚ್ಚಕ್ಕಾ, ಫಾಲಿನಾಗ!" ಎಂದು ನಗಲು ಶುರುಮಾಡಿದಳು. ನಾನೂ ನಕ್ಕೆ. ನಗು ನಿಂತ ಮೇಲೆ ಇಬ್ಬರೂ ಲೆಕ್ಕ ಹಾಕಿದೆವು. ಸೀರೆಯಲ್ಲಿ ರೊಕ್ಕ ಇದೆ ಎಂದು ನಾದಿನಿಗೆ ಹೇಳಿದರೆ ತಂಗಿಯ ಮಾನ ಹೋಯಿತು: ತವರಿನ ಸೀರೆ ದಾಟಿಸಿದ್ದೂ ಬಯಲು, ಫೀಗೆ ಗತಿಯಿಲ್ಲದ್ದೂ ಬಯಲು. ಹೇಳದಿದ್ದರೆ ಹುಡುಗಿಯ ವರ್ಷ ಹೋಯಿತು.

"ನಾಳೆ ನಾನೂ ಬರ್ತೇನಿ, ಅಕೀ ಸೀರಿ ಅಂಚು ನನ್ನ ಕೈಯಾಗ ಸಿಕ್ಕರ ಸಾಕು" ಎಂದೆ.

ಮರುದಿನ ಮೂಡಲಗಿಯ ಹೊಸ ಮನೆಯಲ್ಲಿ ಸುಣ್ಣ-ಬಣ್ಣದ ವಾಸನೆ, ಹೋಳಿಗೆಯ ವಾಸನೆ ಎರಡೂ ಕೂಡಿದ್ದವು. ನಾದಿನಿ ತವರಿನ ಸೀರೆಯನ್ನೇ ಉಟ್ಟು ಪೂಜೆಗೆ ಕುಳಿತಿದ್ದಳು, ಗಿಣಿಹಸಿರು ಅವಳಿಗೆ ನನಗಿಂತ ಚೆನ್ನಾಗಿ ಒಪ್ಪಿತ್ತು. ಪೂಜೆ ಮುಗಿದು ಅವಳು ಓಡಾಡತೊಡಗಿದಾಗ ನಾನು ಕಿವಿ ಬಗ್ಗಿಸಿಕೊಂಡು ಬೆನ್ನುಹತ್ತಿದೆ. ಅಷ್ಟು ನೋಟಿದ್ದರೆ ನಡೆಯುವಾಗ ಪರಪರ ಸದ್ದು ಬರಬೇಕು. ದೇವರ ಖೋಲಿಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಡುಗೆಮನೆಗೆ ನಾನು ಬಾಗಿಕೊಂಡೇ ಹೋದೆ. ಒಬ್ಬ ಅಜ್ಜಿ ತಡೆದು ಕೇಳಿದಳು, "ಏನ ಕಳಕೊಂಡಿ ಯವ್ವಾ?"

ಬಾಯಿಗೆ ಬಂದದ್ದು ಹೇಳಿದೆ. "ಕಿವ್ಯಾಗಿನ ಓಲಿ ಬಿತ್ತಬೇ."

ಹೇಳಬಾರದಿತ್ತು. ಬಂಗಾರ ಬಿತ್ತೆಂದರೆ ಕೇಳಬೇಕೆ? ಊಟಕ್ಕೆ ಕುಳಿತವರೂ ಎದ್ದು ಚಾಪೆ ಝಾಡಿಸಿದರು, ಒಬ್ಬಾಕೆ ಮಂಚದ ಕೆಳಗೆ ಅರ್ಧ ಹೊಕ್ಕಳು, ಇನ್ನೊಬ್ಬಾಕೆ ಬಚ್ಚಲಲ್ಲಿ ಟಾರ್ಚು ಬಿಟ್ಟಳು. ಕೊನೆಗೆ ಅದೇ ಅಜ್ಜಿ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, "ಎರಡೂ ಕಿವ್ಯಾಗ ಅದಾವಲ್ಲ ನಿನ್ನ ಹೆಣಾ ಎತ್ಲಿ" ಎಂದಳು. ಮನೆಯೆಲ್ಲ ಗೊಳ್ಳೆಂದು ನಕ್ಕಿತು.

ಆ ನಗುವಿನಲ್ಲೇ ನಾನು ನಾದಿನಿಯ ಕಾಲಬುಡದಲ್ಲಿ ಕುಳಿತೆ. "ನಿಮ್ಮ ಫಾಲು ಬಿಚ್ಚೇತಿ, ತಡೀರಿ, ಎರಡು ಹೊಲಿಗಿ ಹಾಕ್ತೇನಿ."

"ಹಾಕ್ರಿ ಅಕ್ಕಾರ, ರೊಕ್ಕ ಕೇಳಬ್ಯಾಡ್ರಿ ಮತ್ತ" ಎಂದು ಆಕೆ ಕಾಲು ಮುಂದೆ ಚಾಚಿದಳು.

ಅಂಚು ತಿರುವಿದೆ. ನನ್ನ ಹೊಲಿಗೆ ಅಲ್ಲಿರಲಿಲ್ಲ. ಹಸಿರು ಸೀರೆಗೆ ಬಿಳಿ ದಾರ, ಅದೂ ಅಂಕುಡೊಂಕು ಕೈಹೊಲಿಗೆ. ಯಾರೋ ಪೂರಾ ಬಿಚ್ಚಿ ಮತ್ತೆ ಹಚ್ಚಿದ್ದರು. ಈ ತುದಿಯಿಂದ ಆ ತುದಿಯವರೆಗೆ ಬೆರಳು ಆಡಿಸಿದೆ. ಒಳಗೆ ಬರೀ ಬಟ್ಟೆ. ದೂರದಲ್ಲಿ ಬಡಿಸುತ್ತಿದ್ದ ತಂಗಿಗೆ ತಲೆಯಾಡಿಸಿ ಇಲ್ಲವೆಂದೆ. ಅವಳು ಯಾರದೋ ಹೋಳಿಗೆಯ ಮೇಲೆ ತುಪ್ಪದ ಬದಲು ಸಾರು ಸುರಿದಳು.

ಆಮೇಲೆ ನನಗೆ ಆ ಮನೆಯಲ್ಲಿ ಕಂಡದ್ದೆಲ್ಲ ನನ್ನ ರೊಕ್ಕದ್ದೇ ಎನಿಸಿತು. ಆ ಫ್ಯಾನು, ಆ ನಳ, ಆ ಮಿಂಚುವ ಸ್ಟೀಲಿನ ಕೊಡ. ಸಿಟ್ಟು ನೆತ್ತಿಗೇರಿತು. ಕೇಳಿಯೇಬಿಡುತ್ತೇನೆಂದು ಎದ್ದವಳನ್ನು ತಂಗಿ ಅಡುಗೆಮನೆಯ ಹಿಂದೆ ಎಳೆದೊಯ್ದಳು.

"ಕೇಳಬ್ಯಾಡ ಅಕ್ಕಾ. ಸಿಮೆಂಟು, ಉಸುಕು ತುಟ್ಟಿ ಆಗಿ ಅವರೂ ಬ್ಯಾಸತ್ತಾರ. ನಾ ಕೊಟ್ಟ ಸೀರಿ, ಅದರಾಗ ಏನಿದ್ರೂ ಅಕೀದ." ಸೆರಗಿನಿಂದ ಮುಖ ಒರೆಸಿಕೊಂಡಳು. "ಒಂದ ವರ್ಷ ಅಷ್ಟ ಅಲ್ಲಾ? ಹುಡುಗಿಗೆ ನಾ ಹೇಳ್ತೇನಿ."

ನಾನೇ ಜಾಣೆ ಎಂದು ಮೆರೆದವಳು, ಹುಡುಗಿಯ ಓದನ್ನು ಕೈಯಾರೆ ಹೊಲಿದು ದಾನ ಮಾಡಿದ್ದೆ.

ಹೊರಡುವಾಗ ನಾದಿನಿ ತಂಗಿಗೆ ಉಡಿ ತುಂಬಿದಳು. ಅಕ್ಕಿ, ಕಾಯಿ, ಮೇಲೊಂದು ನೇರಳೆ ಬಣ್ಣದ ಸೀರೆ. ತಂಗಿಯ ಕಿವಿಯ ಹತ್ತಿರ ಬಾಗಿ, "ವೈನಿ, ಇದನ್ನ ಮತ್ತ ಯಾರಿಗೂ ದಾಟಸಬ್ಯಾಡ್ರಿ, ನೀವ ಉಡ್ರಿ" ಎಂದಳು. ತಂಗಿಯ ಮುಖ ಕೆಂಪಾಯಿತು. ದಾಟಿಸಿದ್ದು ಗೊತ್ತಾಗಿಬಿಟ್ಟಿದೆ ಎಂದು ನಾನು ಹಲ್ಲು ಕಚ್ಚಿದೆ.

ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕುಳಿತೆವು. ಸ್ವಲ್ಪ ಹೊತ್ತಿನ ಮೇಲೆ ತಂಗಿ ಆ ಸೀರೆಯನ್ನು ನನ್ನ ತೊಡೆಗೆ ಹಾಕಿದಳು. "ಇದನ್ನ ನೀನ ಒಯ್ಯಿ, ಫಾಲು ಹಚ್ಚಿ ಇಡು. ನನಗ ನೋಡಾಕೂ ಮನಸಿಲ್ಲ."

ಅಭ್ಯಾಸಬಲ, ಕೈ ಸೀದಾ ಅಂಚಿಗೆ ಹೋಯಿತು. ಫಾಲು ಆಗಲೇ ಹಚ್ಚಿತ್ತು! ಬಿಳಿ ದಾರ, ಅಂಕುಡೊಂಕು ಕೈಹೊಲಿಗೆ. ಬೆರಳು ಒತ್ತಿದೆ, ಪರಪರ ಎಂದಿತು. ಇನ್ನೊಂದು ಕಡೆ ಒತ್ತಿದೆ, ಅಲ್ಲೂ ಪರಪರ. ನಾನು ಕೂಗಿದ ಕೂಗಿಗೆ ಡ್ರೈವರು ಬ್ರೇಕು ಹಾಕಿದರು. ಕಂಡಕ್ಟರ್ ಓಡಿ ಬಂದು, "ಏನಾತ್ರಿ ಯವ್ವಾರ, ಸ್ಟಾಪ್ ಬಿಟ್ಟಿತೇನು?" ಎಂದರು. "ಏನಿಲ್ರಿ, ಫಾಲು ಚೊಲೊ ಹಚ್ಯಾರ" ಎಂದೆ. ಅವರು ತಲೆ ಕೆರೆದುಕೊಂಡು ಹಿಂದೆ ಹೋದರು.

ಹಲ್ಲಿನಿಂದಲೇ ದಾರ ಕಡಿದೆ. ನನ್ನವೇ ನೋಟುಗಳು, ಎರಡೆರಡು, ನಾನು ಮಲಗಿಸಿದ ಹಾಗೆಯೇ ಮಲಗಿದ್ದವು. ಕಡೆಯ ಖೋಲಿಯಲ್ಲಿ ಒಂದು ರೂಪಾಯಿಯ ನಾಣ್ಯ, ಉಡುಗೊರೆಯ ಮೇಲೆ ಶುಭಕ್ಕೆಂದು ಇಡುತ್ತಾರಲ್ಲ, ಅದು. ತಂಗಿ ನಾದಿನಿಗೆ ಫೋನು ಹಚ್ಚಿದಳು. ಆಕೆಯ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು.

"ನಿಮಗ ಬುದ್ಧಿ ಐತೇನ್ರಿ ವೈನಿ? ಮಗಳ ಫೀ ಕಟ್ಟೂದು ಬಿಟ್ಟು ನನ್ನ ಮನೀಗಂತ ಸೀರ್‍ಯಾಗ ರೊಕ್ಕ ಹೊಲದು ಕೊಟ್ಟೀರಿ! ಫೀ ಕೂಡಿಲ್ಲಂತ ಅಣ್ಣ ಎಲ್ಲಾ ಹೇಳ್ಯಾನ. ಇಸ್ತ್ರಿ ಮಾಡೂವಾಗ ರೊಕ್ಕ ಸಿಕ್ತು. ನೋಡಿ ನಾ ಎಷ್ಟು ಅತ್ತೇನಿ ಗೊತ್ತೈತೇನು? ಕೈಯಾಗ ಕೊಟ್ರ ನೀವು ತಗೋಳೂದಿಲ್ಲ. ಅದಕ್ಕ ನಿಮ್ಮ ಹಾದೀನ ಹಿಡದೆ."

ತಂಗಿ ನನ್ನನ್ನು ನೋಡಿದಳು. ನಿಜ ಹೇಳಲು ಬಾಯಿ ತೆರೆದಳು. ನಾನು ಅವಳ ಬಾಯಿಯ ಮೇಲೆ ಕೈ ಇಟ್ಟೆ. ಇರಲಿ, ಅತ್ತೆಮನೆಯ ಕಡೆ ಅವಳಿಗೆ ಇಷ್ಟು ದೊಡ್ಡ ಹೆಸರು ಬಂದರೆ ತವರಿಗೆ ನಷ್ಟವೇನು? ಆ ಹೊತ್ತಿನಲ್ಲಿ ನನಗಾದ ಸಂತೋಷಕ್ಕೆ ಹತ್ತು ಮಿಕ್ಸರು ಸಮ ಅಲ್ಲ. ನಾನು ಕದ್ದು ನೋಡಿ ಬೈದುಕೊಂಡ ಫ್ಯಾನು, ನಳ, ಕೊಡಕ್ಕೆಲ್ಲ ಮನಸ್ಸಿನಲ್ಲೇ ಕೈಮುಗಿದೆ.

"ಆತವಾ" ಎಂದಷ್ಟೇ ಹೇಳಿ ತಂಗಿ ಫೋನು ಇಟ್ಟಳು. ನೋಟುಗಳನ್ನು ನಾನು ಅವಳ ಕೈಗೆ ಕೊಡಲು ಹೋದೆ. ಅವಳು ಹಿಂದೆ ಸರಿದಳು.

"ಕೈಯಾಗ ಕೊಡಬ್ಯಾಡ. ಸೀರ್‍ಯಾಗ ಇಟ್ಟು ಸೀರಿ ಕೊಡು."

ಮಡಿಕೆಯಲ್ಲಿಟ್ಟು ಸೀರೆ ಕೊಟ್ಟೆ. ಕಣ್ಣಿಗೆ ಒತ್ತಿಕೊಂಡಳು. ಗೋಕಾಕ ಬರುವವರೆಗೂ ನಾವಿಬ್ಬರೂ ನಗುತ್ತಲೇ ಇದ್ದೆವು, ಕಾರಣ ಗೊತ್ತಿಲ್ಲದ ಮುಂದಿನ ಸೀಟಿನ ಹೆಂಗಸರೂ ನಗುತ್ತಿದ್ದರು.

ಸೋಮವಾರ ಮಧ್ಯಾಹ್ನ ನಾನು ಕಲ್ಲಿನಲ್ಲಿ ಚಟ್ನಿ ಅರೆಯುತ್ತಿದ್ದಾಗ ಹುಡುಗಿಯ ಫೋನು ಬಂತು. ಬ್ಯಾಂಕಿನಲ್ಲಿ ಫೀ ಕಟ್ಟಿಯಾಗಿತ್ತು. ಕೌಂಟರಿನವರು ನೋಟುಗಳನ್ನು ಬೆಳಕಿಗೆ ಹಿಡಿದು ನೋಡಿದರಂತೆ. ಅಂಚಿನಲ್ಲಿ ಎರಡೆರಡು ಸಾಲು ತೂತು, ಒಂದು ಸಾಲು ನೆಟ್ಟಗೆ, ಒಂದು ಸಾಲು ಅಂಕುಡೊಂಕು.

"ಏನವಾ, ನೋಟಿಗೂ ಹೊಲಿಗಿ ಹಾಕಿಸೀರೇನು? ಅಂತ ಕೇಳಿದ್ರು ದೊಡ್ಡವ್ವಾ."

"ನೀ ಏನ ಅಂದಿ?"

"ಹೌದ್ರಿ, ನೆಟ್ಟಗಿದ್ದದ್ದು ನಮ್ಮ ದೊಡ್ಡವ್ವ ಹೊಲದದ್ದು, ಸೊಟ್ಟ ಇದ್ದದ್ದು ನಮ್ಮ ಅತ್ತಿ ಹೊಲದದ್ದು ಅಂದೆ."