ಹನ್ನೆರಡನೆಯ ಅಧ್ಯಾಯದ ದೊಡ್ಡಪ್ಪ

ಕಳೆದ ವಾರ ಪುತ್ತೂರಿನ ಬಸ್ ಸ್ಟ್ಯಾಂಡಿನಲ್ಲಿ ಹಳೆಯ ಗೆಳತಿಯೊಬ್ಬಳು ನನ್ನ ಕೈಗೆ ಒಂದು ಕಾದಂಬರಿಯ ಬಾಲ ಕೊಟ್ಟಳು.

ಹೌದು, ಬಾಲವೇ. ತಲೆಯೂ ಇಲ್ಲ, ಹೊಟ್ಟೆಯೂ ಇಲ್ಲ. ಕೊನೆಯ ಅಧ್ಯಾಯದ ಒಂದಿಷ್ಟು ಹಳದಿ ಹಾಳೆಗಳು, ಅಷ್ಟೆ. ಬಸ್ಸು ಬರುವುದರೊಳಗೆ ನಿಂತಲ್ಲೇ ಓದಿ ಮುಗಿಸಿದೆ. ಮುಗಿಸಿದ್ದೇ ಬಂತು ನೋಡಿ ಸಿಟ್ಟು! (ನನ್ನ ಸಿಟ್ಟಿನ ಪರಿಚಯ ಈ ಅಂಕಣದ ಓದುಗರಿಗೆ ಹೊಸದಲ್ಲ.)

ಸಿಟ್ಟು ಯಾಕೆ? ಅದನ್ನು ತಿಳಿಯಲು ನೀವು ನನ್ನ ಜೊತೆ ಸುಳ್ಯದ ನಮ್ಮ ಹಳೆಯ ಹೈಸ್ಕೂಲಿಗೆ ಬರಬೇಕು.

ಗೆಳತಿಯ ಹೆಸರು ಪೂವಮ್ಮ. ಈಗ ಕಡಬದಲ್ಲಿ ಟೀಚರು. ಆಗ ನಾವಿಬ್ಬರೂ ಒಂದೇ ಬೆಂಚು. ನಮ್ಮ ಕನ್ನಡ ಪಂಡಿತರಿಗೆ ಒಂದು ಹುಚ್ಚಿತ್ತು. ಪಠ್ಯಪುಸ್ತಕ ಸಾಲದು, ಮಕ್ಕಳು ಕಾದಂಬರಿಯನ್ನೂ ಓದಬೇಕು. ಆದರೆ ಇದ್ದದ್ದು ಒಂದೇ ಪ್ರತಿ, ಅದೂ ಮುಖಪುಟ ಕಳಚಿ ಹೋಗಿ ಹೆಸರೇ ಇಲ್ಲದ್ದು. ಒಬ್ಬೊಬ್ಬರೇ ಓದುತ್ತ ಕೂತರೆ ಕೊನೆಯವನ ಸರದಿ ಬರುವಾಗ ಅವನಿಗೆ ಮೀಸೆ ಬಂದಿರುತ್ತದೆ. ಪಂಡಿತರು ಏನು ಮಾಡಿದರು ಗೊತ್ತೇ? ಬ್ಲೇಡು ತೆಗೆದು ಪುಸ್ತಕದ ಹೊಲಿಗೆಯನ್ನೇ ಬಿಚ್ಚಿದರು. ಹಲಸಿನ ಸೊಳೆ ಹಂಚಿದ ಹಾಗೆ ನಮ್ಮಲ್ಲಿ ಹನ್ನೆರಡು ಮಂದಿಗೆ ತಲೆಗೊಂದು ಅಧ್ಯಾಯ ಹಂಚಿದರು!

ವಾರಕ್ಕೊಬ್ಬರಂತೆ ಶನಿವಾರ ಎದ್ದು ನಿಂತು ನಮ್ಮ ಅಧ್ಯಾಯದ ಸಾರಾಂಶ ಹೇಳಬೇಕು. ಆಮೇಲೆ ನಮ್ಮ ಅಭಿಪ್ರಾಯ. "ಸಾರಾಂಶ ಪುಸ್ತಕದ್ದು, ಅಭಿಪ್ರಾಯ ನಿಮ್ಮದು. ಎರಡನ್ನೂ ಬೆರೆಸಿದರೆ ಸೊನ್ನೆ" ಎಂದು ಪಂಡಿತರ ಕಟ್ಟಪ್ಪಣೆ.

ಸಾರಾಂಶ ಹೇಗೋ ಬರುತ್ತಿತ್ತು. ಅಭಿಪ್ರಾಯ ಎಲ್ಲಿಂದ ತರುವುದು? ಹುಡುಗಿಯರ ಅಭಿಪ್ರಾಯವನ್ನು ಮನೆಯಲ್ಲಿ ಯಾರಾದರೂ ಕೇಳಿದ್ದುಂಟೇ? ಸಾರಿಗೆ ಉಪ್ಪು ಸಾಕಾ ಅಂತ ಕೇಳಿದರೆ ಅದೇ ಹೆಚ್ಚು. ನನ್ನ ಪಾಲಿಗೆ ಬಂದದ್ದು ನಾಲ್ಕನೆಯ ಅಧ್ಯಾಯ. ಅದರಲ್ಲಿ ನಾಯಕಿ ಸುಮತಿಗೆ ಜ್ವರ ಬರುತ್ತದೆ, ಬಿಡುತ್ತದೆ. ಬೇರೇನೂ ಆಗುವುದಿಲ್ಲ. "ಸುಮತಿ ಮೊದಲೇ ಕಾಳುಮೆಣಸಿನ ಕಷಾಯ ಕುಡಿಯಬೇಕಿತ್ತು ಎಂಬುದು ನನ್ನ ಅಭಿಪ್ರಾಯ" ಎಂದೆ. ಪಂಡಿತರು ಕಣ್ಣು ಮುಚ್ಚಿಕೊಂಡರು.

ಪೂವಮ್ಮನಿಗೆ ಸಿಕ್ಕಿದ್ದು ಹನ್ನೆರಡನೆಯದು, ಕೊನೆಯದು.

ಅವಳ ಮನೆ ಹೊಳೆಯ ಆಚೆ. ವಾರವಿಡೀ ಸುಳ್ಯದಲ್ಲಿ ದೊಡ್ಡಪ್ಪನ ಮನೆಯಲ್ಲಿದ್ದು ಓದುತ್ತಿದ್ದಳು. ಶನಿವಾರ ಅಪ್ಪ ಬಂದು ಕರೆದುಕೊಂಡು ಹೋಗುತ್ತಿದ್ದರು. ಅವರು ಬೇಗ ಬಂದು ಶಾಲೆಯ ಜಗಲಿಯಲ್ಲಿ ಕೂತು, ಎಲೆಅಡಿಕೆ ಮೆಲ್ಲುತ್ತ, ಕಿಟಕಿಯಿಂದ ನಮ್ಮ ಸಾರಾಂಶಗಳನ್ನೆಲ್ಲ ಕೇಳುತ್ತಿದ್ದರು. ಮಾತೇ ಇಲ್ಲದ ಮನುಷ್ಯ. ಆ ಕುಟುಂಬದ ಮಾತೆಲ್ಲ ದೊಡ್ಡಪ್ಪನ ಪಾಲಿಗೆ ಹೋಗಿತ್ತು.

ದೊಡ್ಡಪ್ಪ ಭಾರೀ ಜನ. ಅಚ್ಚಾದದ್ದೆಲ್ಲ ಅವರಿಗೆ ಸತ್ಯ. ಪಂಚಾಂಗ, ಪೇಪರು, ಕೊನೆಗೆ ಸೋಪಿಗೆ ಸುತ್ತಿದ ಕಾಗದ ಕೂಡ. "ಸುಳ್ಳನ್ನು ಯಾರಾದ್ರೂ ಅಚ್ಚು ಹಾಕಿಸ್ತಾರಾ ಮಾರಾಯ? ಅವರಿಗೆ ಬೇರೆ ಕೆಲಸ ಇಲ್ವಾ?" ಎಂದು ಕೇಳುತ್ತಿದ್ದರು. (ಪತ್ರಿಕೆಗೆ ಬರೆಯುವ ನಾನು ಈ ಪ್ರಶ್ನೆಗೆ ಉತ್ತರ ಕೊಡದಿರುವುದೇ ಕ್ಷೇಮ.)

ಆ ವರ್ಷ ದೊಡ್ಡಪ್ಪ ಪೂವಮ್ಮನಿಗೆ ಕೊಯಿಲ ಊರಿನ ಕಡೆಯ ಒಂದು ಸಂಬಂಧ ಗಟ್ಟಿ ಮಾಡಿದರು. ಹುಡುಗನ ಕಡೆಯವರಿಗೆ ಅವಸರ. ಪರೀಕ್ಷೆಗೆ ಮೊದಲೇ ಮದುವೆಯಂತೆ. ಅವಳ ಅಪ್ಪ ನೆಲ ನೋಡುತ್ತ ಕೂತರು. ಅಣ್ಣನಿಗೆ ಎದುರಾಡಿದ ತಮ್ಮ ಆ ಮನೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. "ಎಸ್ಸೆಸ್ಸೆಲ್ಸಿ ಆದ್ರೆ ಟೀಚರ್ ಟ್ರೈನಿಂಗಿಗೆ ಹೋಗ್ಬಹುದಿತ್ತು ಮಾರಾಯ್ತಿ. ಇನ್ನು ಎಂತ ಉಂಟು?" ಎಂದು ಅವಳು ಬೆಂಚಿಗೆ ತಲೆಯಿಟ್ಟು ಅತ್ತಿದ್ದಳು. ನನಗೂ ಅಳು ಬಂದಿತ್ತು.

ಕೊನೆಯ ಅಧ್ಯಾಯದ ಶನಿವಾರ ಬಂತು. ನೋಡುತ್ತೇವೆ, ಜಗಲಿಯಲ್ಲಿ ಅಪ್ಪನ ಜೊತೆ ದೊಡ್ಡಪ್ಪ! "ಕತೆ ಇವತ್ತು ಮುಗಿಯುದಂತೆ. ತಮ್ಮ ಬಿಡ್ಲೇ ಇಲ್ಲ, ಎಳ್ಕೊಂಡು ಬಂದ" ಎಂದು ಪಂಡಿತರಿಗೆ ಹೇಳಿ ಕುರ್ಚಿ ಹಾಕಿಸಿಕೊಂಡರು.

ಪೂವಮ್ಮ ಎದ್ದು ನಿಂತಳು. ಸುಮತಿಗೆ ಮದುವೆ ನಿಶ್ಚಯವಾಗಿದೆ. (ಅದು ಹನ್ನೊಂದನೆಯ ಅಧ್ಯಾಯದಲ್ಲೇ ಆಗಿತ್ತು.) ಓದು ನಿಲ್ಲಿಸಲು ಮನೆಯವರೆಲ್ಲ ಹೇಳಿದ್ದಾರೆ. ಆಗ ಬರುತ್ತಾರೆ ಸುಮತಿಯ ದೊಡ್ಡಪ್ಪ! ಕೊಡೆ ಮಡಚಿಟ್ಟು, ಚಾವಡಿಯಲ್ಲಿ ಕೂತು, 'ಹುಡುಗಿಯ ಪರೀಕ್ಷೆ ಆಗಲಿ, ಟ್ರೈನಿಂಗ್ ಆಗಲಿ. ಕಾಯುವ ತಾಳ್ಮೆ ಇಲ್ಲದ ಸಂಬಂಧ ನಮಗೆ ಬೇಡ' ಎನ್ನುತ್ತಾರೆ. ಊರೇ ಆ ದೊಡ್ಡಪ್ಪನಿಗೆ ಕೈಮುಗಿಯುತ್ತದೆ. ಅಲ್ಲಿಗೆ ಶುಭಂ.

ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಯಾವ ದೊಡ್ಡಪ್ಪ? ನನ್ನ ಅಧ್ಯಾಯದಲ್ಲಂತೂ ಅವರಿರಲಿಲ್ಲ. ಬೇರೆ ಯಾರದೋ ಅಧ್ಯಾಯದಲ್ಲಿದ್ದು, ಸಾರಾಂಶ ಹೇಳುವಾಗ ಬಿಟ್ಟುಹೋಗಿರಬೇಕು ಎಂದುಕೊಂಡೆ. ಉಳಿದವರೂ ಹಾಗೇ ಅಂದುಕೊಂಡರು. ಇಡೀ ಪುಸ್ತಕ ಓದಿದವರು ನಮ್ಮಲ್ಲಿ ಯಾರಿದ್ದರು?

"ಇದೆಲ್ಲ ಅಚ್ಚಾದದ್ದಾ ಪಂಡಿತರೇ?" ದೊಡ್ಡಪ್ಪ ಕಿಟಕಿಯಿಂದ ಕೇಳಿದರು.

ಪಂಡಿತರು ಕನ್ನಡಕ ತೆಗೆದು ಒರೆಸಿದರು. "ಪುಸ್ತಕ ಅಚ್ಚಾದದ್ದೇ" ಎಂದರು.

"ಹಾಗಾದ್ರೆ ಆ ಪುಟ ತೋರ್ಸು ಮಗಾ, ನಾನೂ ನೋಡ್ತೇನೆ."

ಪೂವಮ್ಮ ಬಿಳಿಚಿಕೊಂಡಳು. ಚೀಲ ತೆರೆದಳು, ಮಗುಚಿ ಹಾಕಿದಳು. ಹಾಳೆಗಳೇ ಇಲ್ಲ! "ಹೊಳೆಯಾಚೆ ಮನೆಯಲ್ಲಿ ಬಾಕಿ ಆಯ್ತು ದೊಡ್ಡಪ್ಪ" ಎಂದು ತೊದಲಿದಳು. ದೊಡ್ಡಪ್ಪ ಅದನ್ನು ಕೇಳಿಸಿಕೊಂಡರೋ ಇಲ್ಲವೋ. ಆಗಲೇ ಅವರು ಶಾಲು ಸರಿಮಾಡಿಕೊಂಡು ಊರೆಲ್ಲ ಕೈಮುಗಿಯುವ ಮುಖ ಮಾಡಿ ಕೂತಿದ್ದರು.

ಮರುವಾರ ಕೊಯಿಲಕ್ಕೆ ಹೇಳಿಕಳಿಸಿದರು, ಪರೀಕ್ಷೆ ಆಗಲಿ ಎಂದು. ಹುಡುಗನ ಕಡೆಯವರು ಕಾಯಲಿಲ್ಲ. ಪೂವಮ್ಮ ಪಾಸಾದಳು. ಟ್ರೈನಿಂಗಿಗೆ ಹೊರಟಾಗ ಅವಳ ಟ್ರಂಕನ್ನು ಬಸ್ಸಿಗೆ ಹತ್ತಿಸಿದ್ದು ಸ್ವತಃ ದೊಡ್ಡಪ್ಪ. ಆ ಹಾಳೆಗಳು ಮಾತ್ರ ಸಿಗಲೇ ಇಲ್ಲ. ಪಂಡಿತರು ಬಾಲವಿಲ್ಲದ ಪುಸ್ತಕವನ್ನೇ ಹೊಲಿದು ಕಪಾಟಿನಲ್ಲಿಟ್ಟರು.

ಈಗ ನನ್ನ ಸಿಟ್ಟಿಗೆ ಬನ್ನಿ. ಆ ಬಾಲದಲ್ಲಿ ದೊಡ್ಡಪ್ಪ ಇಲ್ಲ! ಹುಡುಕಿದರೂ ಇಲ್ಲ. ಸುಮತಿ ಪುಸ್ತಕಗಳನ್ನು ಅಟ್ಟಕ್ಕೇರಿಸಿ, ಹಿರಿಯರ ಕಾಲಿಗೆ ಬಿದ್ದು, ಹಸೆಮಣೆ ಏರುತ್ತಾಳೆ, ಅವಳ ಬಾಳು ಬಂಗಾರವಾಗುತ್ತದೆ. ಎಷ್ಟು ಮನೆಗಳಲ್ಲಿ ನಾನು ಸುಮತಿಯ ದೊಡ್ಡಪ್ಪನ ಉದಾಹರಣೆ ಕೊಟ್ಟು ವಾದ ಗೆದ್ದಿದ್ದೇನೆ, ಲೆಕ್ಕವಿಲ್ಲ!

"ಕಳ್ಳಿ! ಇಷ್ಟು ವರ್ಷ ಇದನ್ನು ಎಲ್ಲಿ ಅಡಗಿಸಿಟ್ಟಿದ್ದಿ?" ಎಂದು ಕೇಳಿದೆ.

"ನಾನಲ್ಲ ಮಾರಾಯ್ತಿ. ಅಪ್ಪ" ಎಂದಳು ಪೂವಮ್ಮ.

ಅವಳು ಭಾನುವಾರ ಮನೆಯ ಹಟ್ಟಿಯಲ್ಲಿ ದನಗಳ ಎದುರು ಸಾರಾಂಶ ಅಭ್ಯಾಸ ಮಾಡುವುದನ್ನು ಅಪ್ಪ ಕೇಳಿದ್ದರಂತೆ. ಆಮೇಲೆ ಹಾಳೆಗಳನ್ನು ತೆಗೆದು ತಾವೂ ಓದಿದರಂತೆ. ಸೋಮವಾರ ಅವಳ ಚೀಲ ಹೊತ್ತು ಹೊಳೆ ದಾಟಿಸುವಾಗ ಹಾಳೆಗಳನ್ನು ಮೆಲ್ಲನೆ ಎಗರಿಸಿದರು. ಅಣ್ಣ ಪುಟ ಕೇಳದೆ ಬಿಡುವವನಲ್ಲ ಎಂದು ಅವರಿಗೆ ಗೊತ್ತಿತ್ತು. ಪೂವಮ್ಮನಿಗೋ ಎಲ್ಲ ಬಾಯಿಪಾಠ, ಹೆದರಿಕೆಗೆ ಆ ವಾರ ಅವಳು ಹಾಳೆಗಳ ಸುದ್ದಿಗೇ ಹೋಗಲಿಲ್ಲ. ಶನಿವಾರ ಅಪ್ಪ ಹೋಗಿ ಅಣ್ಣನನ್ನು ಎಳೆದು ತಂದರು.

ದೊಡ್ಡಪ್ಪ ತೀರಿಕೊಂಡು ಈಗ ವರ್ಷವಾಯಿತು. ವರ್ಷಾಂತಿಕ ಕಳೆದ ಮೇಲೆ ಅಪ್ಪ ತಮ್ಮ ಎಲೆಅಡಿಕೆ ಪೆಟ್ಟಿಗೆಯ ಅಡಿಯಿಂದ ಈ ಹಾಳೆಗಳನ್ನು ತೆಗೆದು ಮಗಳ ಕೈಗಿಟ್ಟರಂತೆ. "ಬರ್ದಂವಂಗೆ ಗೊತ್ತಿಲ್ಲೆ ಮಗ. ನೀ ಹೇಳ್ದೇ ಸರಿ" ಎಂದು ತಮ್ಮ ಮನೆಮಾತಾದ ಅರೆಭಾಷೆಯಲ್ಲಿ ಅಷ್ಟೇ ಹೇಳಿದರಂತೆ.

ನನ್ನ ಸಿಟ್ಟು ಅಲ್ಲೇ ಇಳಿಯಿತು. ಬಾಯಿಬಿಡದ ಆ ಮನುಷ್ಯನ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ ಬಸ್ಸು ಬಂದದ್ದೂ ಹೋದದ್ದೂ ತಿಳಿಯಲಿಲ್ಲ.

ಈಗಿನ ಮಕ್ಕಳ ಪುಣ್ಯವೇ ಬೇರೆ. ಗೈಡು ಬಂದಿದೆ. ನನ್ನ ಕಿರಿಯ ನಾದಿನಿಯ ಗೈಡು ತೆರೆದು ನೋಡಿದೆ. ಸಾರಾಂಶ ಮಾತ್ರವಲ್ಲ, ಅಭಿಪ್ರಾಯವನ್ನೂ ಅಚ್ಚು ಹಾಕಿಸಿ ಕೊಟ್ಟಿದ್ದಾರೆ! 'ಈ ಪಾಠವು ನೀತಿಯುತವಾಗಿದ್ದು ಎಲ್ಲರೂ ಓದತಕ್ಕದ್ದು.' ಎಲ್ಲ ಪಾಠಕ್ಕೂ ಅದೇ. ದೊಡ್ಡಪ್ಪ ಇದ್ದಿದ್ದರೆ ಮೆಚ್ಚುತ್ತಿದ್ದರು.

ಒಂದು ಹೊಟ್ಟೆಯುರಿ ಮಾತ್ರ ಉಳಿದಿದೆ. ಆ ಕೋಣೆಯಲ್ಲಿ ಇಡೀ ಕಾದಂಬರಿ ಓದಿದ್ದವರು ಪಂಡಿತರೊಬ್ಬರೇ. ಎರಡನ್ನೂ ಬೆರೆಸಿದರೆ ಸೊನ್ನೆ ಎಂದವರೂ ಅವರೇ. ಪೂವಮ್ಮನಿಗೆ ಅವರು ಕೊಟ್ಟ ಮಾರ್ಕು ಹತ್ತಕ್ಕೆ ಹತ್ತು.

ಇದ್ದದ್ದನ್ನು ಇದ್ದ ಹಾಗೇ ಹೇಳಿ ಕಷಾಯ ಕುಡಿಸಿದ ನನಗೆ ಮೂರು. ಇದು ಯಾವ ಸೀಮೆಯ ನ್ಯಾಯ, ಹೇಳಿ?