ಅವ್ವನ ವಿಮಾನದ ರೇಟು

ಹಡಗಲಿಯಲ್ಲಿ ತೀರಿಹೋದ ಸೋದರಮಾವನ ಶಿವಗಣಾರಾಧನೆ ಮುಗಿಸಿಕೊಂಡು ಅವ್ವ, ನಾನು ಬಸ್ಸಿನಲ್ಲಿ ಬರುತ್ತಿದ್ದೆವು. ಅಲ್ಲಿ ಊಟಕ್ಕೆ ಕುಳಿತ ಪಂಕ್ತಿಯ ಎದುರಿಗೇ ಮಾವನ ಇಬ್ಬರು ಮಕ್ಕಳು ಶಾಮಿಯಾನದ ಬಾಡಿಗೆ ಯಾರು ಕೊಡಬೇಕೆಂದು ಕೂಗಾಡಿದ್ದರು. ಅವ್ವ ಎಲೆಯ ಮೇಲಿನ ಗೋಧಿ ಹುಗ್ಗಿಯನ್ನು ಮುಟ್ಟದೆ ಎದ್ದಿದ್ದಳು. ನಾನಿರುವುದು ಹಗರಿಬೊಮ್ಮನಹಳ್ಳಿಯಲ್ಲಿ; ಅಲ್ಲೊಂದು ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಆ ದಿನ ಅಲ್ಲಿ ಇಳಿಯದೆ, ಅವ್ವನನ್ನು ಮನೆ ಮುಟ್ಟಿಸಲು ಕೊಟ್ಟೂರಿನವರೆಗೂ ಹೋದೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಅವಳು ಸೆರಗು ಸರಿಮಾಡಿಕೊಂಡು, ತರಕಾರಿ ತರಲು ಹೇಳುವ ದನಿಯಲ್ಲೇ ಅಂದಳು:

“ನಂದು ಎಷ್ಟಾಕ್ಕತಿ ಅಂತ ಒಂದಿಷ್ಟು ಕೇಳಿಕೊಂಡು ಬಾ.”

“ಏನು ನಿಂದು?”

“ನನ್ನ ಮಣ್ಣು.”

ಅಪ್ಪ ಹೋದ ಮೇಲೆ ಅವ್ವ ಹಿಟ್ಟಿನ ಗಿರಣಿ ನಡೆಸಿ ನಮ್ಮಿಬ್ಬರನ್ನು, ಅಂದರೆ ಅಣ್ಣನನ್ನು ಮತ್ತು ಅವನ ತಂಗಿಯಾದ ನನ್ನನ್ನು, ಬೆಳೆಸಿದವಳು. ಜೋಳಕ್ಕೆ ಎಷ್ಟು, ಗೋಧಿಗೆ ಎಷ್ಟು, ಕಾರಪುಡಿಗೆ ಎಷ್ಟು ಎಂದು ಗಿರಣಿಯ ಗೋಡೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದಿರುತ್ತಿದ್ದಳು. ಬೀಸಿಕೊಟ್ಟ ಮೇಲೆ ರೇಟು ಹೇಳುವ ವ್ಯವಹಾರ ಅವಳಿಗೆ ಆಗುತ್ತಿರಲಿಲ್ಲ. ಗಿರಣಿ ಮಾರಿದ ಹಣದಲ್ಲಿ ಒಂದಿಷ್ಟನ್ನು ತನ್ನ ಮಣ್ಣಿಗೆಂದೇ, ಹೂಳುವ ಖರ್ಚಿಗೆಂದೇ, ಬ್ಯಾಂಕಿನಲ್ಲಿ ಇಟ್ಟಿದ್ದಳು. ಅದು ಸಾಕಾಗುತ್ತದೋ ಇಲ್ಲವೋ ಎಂದು ಕಣ್ಣು ಮುಚ್ಚುವ ಮೊದಲು ತಿಳಿಯಬೇಕು ಎನ್ನುವುದಷ್ಟೇ ಅವಳ ಹಟ. ನನಗೂ ಅದು ನ್ಯಾಯವೆನಿಸಿತು. ಎರಡು ದಿನದ ಕೆಲಸ ಎಂದುಕೊಂಡು ಕೊಟ್ಟೂರಿನಲ್ಲೇ ಉಳಿದೆ.

ಮೊದಲು ಹೂವಿನ ಅಲಂಕಾರದವನ ಹತ್ತಿರ ಹೋದೆವು. ಮದುವೆಯ ಸ್ಟೇಜನ್ನೂ ಅವನೇ ಕಟ್ಟುತ್ತಾನೆ, ಸತ್ತವರನ್ನು ಕೂರಿಸಿ ಒಯ್ಯುವ ವಿಮಾನವನ್ನೂ ಅವನೇ ಕಟ್ಟುತ್ತಾನೆ. ಬೇಡವೆಂದರೂ ಕೇಳದೆ ಅವ್ವ ಜೊತೆಗೆ ಬಂದಿದ್ದಳು. ಅವನು ಕುರ್ಚಿ ಕೊಟ್ಟು ನೀರು ಕೊಟ್ಟ.

“ಯಾವಾಗೈತ್ರಿ ಮದುವಿ?”

“ಮದುವಿ ಅಲ್ಲಪ್ಪ, ವಿಮಾನ,” ಎಂದಳು ಅವ್ವ. “ಸಾದಾದು. ಚೆಂಡುಹೂವು ಸಾಕು, ಲೈಟು ಬ್ಯಾಡ.”

ಅವನ ಮುಖ ಸಣ್ಣದಾಯಿತು. “ಯಾರು ಹೋಗ್ಯಾರ್ರಿ?”

“ಯಾರೂ ಹೋಗಿಲ್ಲ. ನನಗ.”

ಅವನು ಎದ್ದು ನಿಂತ. “ಯವ್ವಾ, ಕುಂತು ಮಾತಾಡೋರ ಎದುರಿಗೆ ನಾ ಹೆಂಗ ರೇಟ್ ಹೇಳ್ಲಿ? ನಾಲಿಗಿ ಬಿದ್ದು ಹೋಗತೈತಿ. ನೂರು ವರ್ಷ ಇರ್ರಿ. ಆ ಟೈಮಿಗೆ ನಾವೇನು ಕೈ ಬಿಡ್ತೀವೇನು?”

ಎಲ್ಲಿ ಹೋದರೂ ಇದೇ ಉತ್ತರ. ಕುಣಿ ತೋಡುವ ಜೆಸಿಬಿಯವನು ಆ ಟೈಮಿಗೆ ನೋಡೋಣ ಎಂದ. ಬ್ಯಾಂಡಿನವರು ನಿಮ್ಮ ಹತ್ರ ಹೆಚ್ಚಿಗೆ ತಗೋತೀವೇನು ಎಂದರು. ಅಡುಗೆಯವನು ಮಾತ್ರ, ಎಷ್ಟು ಮಂದಿ ಎಂದು ತಿರುಗಿ ಕೇಳಿದ. ಎಷ್ಟು ಮಂದಿ ಎಂದು ನಾವು ಯಾರನ್ನು ಕೇಳುವುದು? ಪಕ್ಕದ ಮನೆಯ ವೆಲ್ಡಿಂಗ್ ಸಾಬರು, ಅವ್ವನ ಕೈರೊಟ್ಟಿ ತಿಂದು ದೊಡ್ಡವರಾದವರು, ಸಮಾಧಿ ಗದ್ದುಗೆಯ ಸುತ್ತ ಹಾಕುವ ಕಬ್ಬಿಣದ ಜಾಲರಿಯ ಬೆಲೆ ಕೇಳಿದ್ದಕ್ಕೆ ಕಣ್ಣಲ್ಲಿ ನೀರು ತಂದುಕೊಂಡರು. “ಅಮ್ಮಾ, ನಿಮ್ಮ ಹತ್ರ ರೊಕ್ಕ ತಗೊಂಡ್ರ ಅಲ್ಲಾ ನನ್ನ ಮೆಚ್ಚತಾನೇನ್ರಿ?”

ಅವ್ವನಿಗೆ ಸಿಟ್ಟು ಬಂತು. “ಪುಗಸಟ್ಟೆ ಬ್ಯಾಡಪ್ಪ ನನಗ. ಎಷ್ಟು ಅಂತ ಹೇಳು ಸಾಕು.” ಅವರು ಬೆಲೆ ಹೇಳದೆ ವೆಲ್ಡಿಂಗ್ ಶೆಡ್ಡಿನೊಳಗೆ ಹೋದರು.

ಊರಿಗೆ ಊರೇ ಇಷ್ಟು ಪ್ರೀತಿ ತೋರಿಸಿ ಒಂದು ಅಂಕಿಯನ್ನು ಬಚ್ಚಿಟ್ಟರೆ ಏನು ಮಾಡುವುದು? ಸತ್ತ ಮನೆಯ ಅಂಗಳದಲ್ಲಿ ಇವರೇ ಬಾಯಿಗೆ ಬಂದ ರೇಟು ಹೇಳುತ್ತಾರೆ, ಆಗ ಯಾರೂ ಚೌಕಾಶಿ ಮಾಡುವುದಿಲ್ಲ. ನನಗೆ ಎಲ್ಲರ ಮೇಲೂ ರೇಗಿತ್ತು.

ಅವ್ವ ಬಿಡಲಿಲ್ಲ. ಮರುದಿನ ಒಬ್ಬಳೇ ಹೋಗಿ ಹೂವಿನವನ ಗಲ್ಲಾದ ಮೇಲೆ ಅಡ್ವಾನ್ಸ್ ಇಟ್ಟು ಬಂದಳು. ಬೆಳಗಾಗುತ್ತಲೇ ಅವನು ಮನೆಗೆ ಓಡಿ ಬಂದು ನೋಟುಗಳನ್ನು ಕಟ್ಟೆಯ ಮೇಲಿಟ್ಟ. “ಅಕ್ಕಾರ, ನನ್ನ ಹೆಂಡ್ತಿ ಮನಿಯೊಳಗ ಬಿಟ್ಟುಕೊಳ್ಳವಲ್ಲಳು. ಜೀವ ಇರೋರ ರೊಕ್ಕ ಇದು, ಬ್ಯಾಡ್ರಿ,” ಎಂದ. ನಾನು ಅವನನ್ನು ಬೀದಿಯ ತಿರುವಿನವರೆಗೆ ಬೆನ್ನು ಹತ್ತಿ ಹೋಗಿ, ಸಾದಾ ವಿಮಾನಕ್ಕೆ ಎಷ್ಟು ಎಂದು ಕಡೆಗೂ ಬಾಯಿ ಬಿಡಿಸಿದೆ. ಅಮ್ಮಾರನ್ನು ಮತ್ತೆ ಅಂಗಡಿಗೆ ಕರಕೊಂಡು ಬರಬಾರದು ಎಂದು ಆಣೆ ಹಾಕಿಸಿಕೊಂಡ. ಹಾಗೇ ಒಬ್ಬೊಬ್ಬರನ್ನೂ ಬೇರೆ ಬೇರೆ ಹಿಡಿದು, ಕೆಲವರಿಗೆ ಇನ್ಯಾರದೋ ಹೆಸರು ಹೇಳಿ ಸುಳ್ಳಾಡಿ, ಒಂದು ಅಂದಾಜು ತಂದೆ. ಅನ್ನ, ಸಾರು, ಒಂದೇ ಸಿಹಿ, ಬ್ಯಾಂಡಿನ ಬದಲು ಭಜನೆಯವರು. ಬ್ಯಾಂಕಿನಲ್ಲಿದ್ದ ಹಣದಲ್ಲಿ ಎಲ್ಲ ಮುಗಿದು ಸ್ವಲ್ಪ ಉಳಿಯುತ್ತಿತ್ತು. “ನಡೀತೈತಿ ಹಂಗಾರ,” ಎಂದು ಅವ್ವ ಅಂದು ನೆಮ್ಮದಿಯಾಗಿ ಉಂಡಳು.

ಸುದ್ದಿ ಹರಪನಹಳ್ಳಿಗೆ ಮುಟ್ಟಿತು. ಅಣ್ಣನಿಗೆ ಅಲ್ಲಿ ಹಾರ್ಡ್‌ವೇರ್ ಅಂಗಡಿ ಇದೆ. ಭಾನುವಾರ ಬಂದವನು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ.

“ಕೊಟ್ಟೂರ ತುಂಬ ನನ್ನ ಮಾನ ಹರಾಜು ಹಾಕೀರಿ. ನಾ ಸತ್ತೀನೇನು?”

“ನೀ ಯಾಕ ಸಾಯ್ತಿ? ಸಾಯೋಳು ನಾನು,” ಎಂದಳು ಅವ್ವ.

“ಅವನ್ನೆಲ್ಲ ನೋಡಾಕ ಮಗ ಅದಾನ. ಇದರಾಗ ಹೆಣ್ಮಕ್ಳದು ಏನೈತಿ?”

ಕೊನೆಯ ಮಾತು ನನಗೆ. ಸಾದಾದು ಸಾಕೆಂದು ಅವ್ವ ತಾನೇ ಎರಡು ಸಲ ಹೇಳಿದಳು. ಅವನು ಅದನ್ನು ಕೇಳಿಸಿಕೊಂಡೇ ಚಹಾ ಕುಡಿದು ಹೋದ.

ಮುಂದಿನ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವ್ವ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕಂಬಕ್ಕೆ ಒರಗಿ ಕುಳಿತವಳು ಏಳಲಿಲ್ಲ. ಸಾಬರ ಮನೆಯಿಂದ ನನಗೂ ಅಣ್ಣನಿಗೂ ಫೋನು ಬಂತು. ನಾನು ಬಂದವಳೇ ಅಳುವುದನ್ನು ಆಚೆಗಿಟ್ಟು ಹೂವಿನವನಿಗೆ, ಭಜನೆಯವರಿಗೆ, ಜೆಸಿಬಿಗೆ ಹೇಳಿದೆ. ಎಲ್ಲರೂ ಹೇಳಿದ ರೇಟಿಗೇ ಒಪ್ಪಿದರು. ಮಧ್ಯಾಹ್ನದ ಹೊತ್ತಿಗೆ ಚೆಂಡುಹೂವಿನ ಸಾದಾ ವಿಮಾನ ಬಾಗಿಲಿಗೆ ಬಂತು. ಅವ್ವ ಕೇಳಿದ ಹಾಗೇ ಇತ್ತು.

ಅದರ ಹಿಂದೆಯೇ ಹರಪನಹಳ್ಳಿಯಿಂದ ಇನ್ನೊಂದು ಗಾಡಿ ಬಂತು. ಅದರಲ್ಲಿ ಮೂರು ಗೋಪುರದ ದೊಡ್ಡ ವಿಮಾನ, ಗುಲಾಬಿ, ಬಣ್ಣದ ಲೈಟು, ಜನರೇಟರ್. ಅಣ್ಣ ಕಳಿಸಿದ್ದು; ಬೆನ್ನಿಗೇ ಬೈಕಿನಲ್ಲಿ ಅವನೂ ಬಂದ. ಬ್ಯಾಂಡಿನವರೂ ಇಳಿದರು.

ಬೀದಿಯಲ್ಲಿ ಎರಡು ವಿಮಾನ, ಒಂದು ಹೆಣ. ಜನ ನೋಡುತ್ತ ನಿಂತರು.

“ಅಣ್ಣ, ಅವ್ವ ನಿನ್ನ ಎದುರಿಗೇ ಹೇಳಿದ್ದಳಲ್ಲ,” ಎಂದೆ.

“ಮಂದಿ ಮುಂದ ಮಾತಾಡಬ್ಯಾಡ. ಒಳಗ ಹೋಗು,” ಎಂದ.

ನಾನು ಹೋಗಲಿಲ್ಲ. ಸಾದಾ ವಿಮಾನದ ಕಂಬ ಹಿಡಿದು ಅಲ್ಲೇ ನಿಂತೆ. ಹಿರಿಯರು ಗುಂಪುಗೂಡಿದರು. ಒಬ್ಬರೂ ಅವ್ವನ ಮಾತೇನಿತ್ತು ಎಂದು ಕೇಳಲಿಲ್ಲ. ಮಗ ತರಿಸಿದ್ದು ಇರಲಿ ಎಂದರು. ಕ್ರಿಯೆಗೆ ಬಂದ ಅಯ್ಯನವರು, “ಹೊತ್ತು ಇಳೀತೈತಿ, ಯಾವುದರಾಗರ ಕೂಡ್ರಿಸ್ರಿ,” ಎಂದು ಗಡಿಯಾರ ನೋಡಿದರು. ಕೊನೆಗೆ ಗೋಪುರದ ವಿಮಾನದಲ್ಲೇ ಕೂರಿಸಿದರು. ಅದು ನಮ್ಮ ಬೀದಿಯ ಕರೆಂಟಿನ ತಂತಿಗೆ ತಾಗುತ್ತಿತ್ತೆಂದು ನಡುಗೋಪುರವನ್ನು ಕಿತ್ತು ಸಾಬರ ಶೆಡ್ಡಿನ ಮುಂದೆ ಇಟ್ಟರು. ಬ್ಯಾಂಡಿನ ಅಬ್ಬರದಲ್ಲಿ ಭಜನೆಯವರ ಬಾಯಿ ಅಲ್ಲಾಡುವುದು ಕಾಣುತ್ತಿತ್ತು, ಪದ ಕೇಳುತ್ತಿರಲಿಲ್ಲ. ಸಾದಾ ವಿಮಾನದ ಹಣವನ್ನು ನಾನು ಅಲ್ಲಿಯೇ ಕೊಟ್ಟೆ. ಹೂವಿನವನು ತಲೆ ತಗ್ಗಿಸಿ ತೆಗೆದುಕೊಂಡ.

ಅವ್ವನ ಶಿವಗಣಾರಾಧನೆಯ ಸಂಜೆ ನೆಂಟರೆಲ್ಲ ಹೋದ ಮೇಲೆ ಅಣ್ಣ ಮತ್ತು ನಾನು ಅಂಗಳದಲ್ಲಿ ಉಳಿದೆವು. ನಾನು ಮಾತಾಡಬಾರದೆಂದಿದ್ದೆ, ಆಗಲಿಲ್ಲ. “ಯಾರಿಗಾಗಿ ಮಾಡಿದೆ ಅದನ್ನೆಲ್ಲ?” ಎಂದು ಕೇಳಿಯೇಬಿಟ್ಟೆ.

ಅವನು ಕಟ್ಟೆಯ ಮೇಲೆ ಕುಳಿತ. “ಆವತ್ತು ಇಲ್ಲಿಂದ ಹೋದ ಮ್ಯಾಲೆ ನಾನೂ ಹರಪನಹಳ್ಳ್ಯಾಗ ಕೇಳಿದ್ದೆ. ಸಾದಾದು ಎಷ್ಟು, ಹೆಂಗ ಅಂತ. ಒಬ್ಬನೂ ಹೇಳಲಿಲ್ಲ. ‘ನಿಮ್ಮವ್ವ ಚಲೋ ಅದಾಳ, ಮಗ ಆಗಿ ಇದನ್ನ ಕೇಳ್ತೀಯಲ್ಲ’ ಅಂತ ಅಂಗಡಿ ಮುಂದ ಮಂದಿ ನಕ್ಕರು. ಅವ್ವ ಹೋದ ದಿನ ಏನು ತರಿಸಬೇಕೋ ತಿಳೀಲಿಲ್ಲ. ಯಾವುದು ದೊಡ್ಡದೈತಿ ಅದನ್ನ ಕಳಿಸ್ರಿ ಅಂದೆ.”

“ನನ್ನ ಕೇಳಬೇಕಿತ್ತು. ನನ್ನ ಹತ್ರ ಎಲ್ಲಾ ರೇಟು ಇದ್ದವು.”

“ನಿನ್ನ ಹೆಂಗ ಕೇಳ್ಲಿ? ಜಗಳ ಮಾಡಿ ಹೋಗಿದ್ದೆನಲ್ಲ.”

ಅದನ್ನು ಕೇಳಿ ನನ್ನ ಸಿಟ್ಟು ಇಳಿಯಬೇಕಿತ್ತು, ಇಳಿಯಲಿಲ್ಲ. ಇವನೂ ಅಂಥವೇ ಅಂಗಡಿಗಳ ಮುಂದೆ ನಿಂತು ಅದೇ ಬುದ್ಧಿಮಾತು ಕೇಳಿಸಿಕೊಂಡು ಬಂದಿದ್ದ. ಒಂದು ಫೋನು ಮಾಡಿದ್ದರೆ ಸಾಕಿತ್ತು. ನಾನೂ ಮಾಡಿರಲಿಲ್ಲ ನಿಜ, ಆದರೆ ಅದನ್ನು ಅವನ ಎದುರು ಒಪ್ಪಿಕೊಳ್ಳುವಷ್ಟು ತಾಳ್ಮೆ ಆ ಸಂಜೆ ನನ್ನಲ್ಲಿ ಉಳಿದಿರಲಿಲ್ಲ. ಊಟ ಕಟ್ಟಿಕೊಡಲೇ ಎಂದು ಕೇಳಿದೆ. ಹೂಂ ಎಂದ. ಡಬ್ಬಿ ತೆಗೆದುಕೊಂಡು ಬೈಕು ಹತ್ತಿದ.